ಪದಕದ ಹಿಂಬದಿಯ ಎರಡು ಕೈಗಳು

ನಮ್ಮ ಯಜಮಾನರು ಹಿಲಾರಸ್ ರೋಮಿನ ಟಂಕಸಾಲೆಯಲ್ಲಿ ಅಚ್ಚು ಕೊರೆಯುವವರು. ಚಕ್ರವರ್ತಿಯೂ ಅವನ ತಮ್ಮನೂ ಎದುರುಬದುರು ನೋಡುವ ಚಿನ್ನದ ನಾಣ್ಯದ ಅಚ್ಚು ಅವರದೇ ಕೈಕೆಲಸ. ಅಂಥದೊಂದು ನಾಣ್ಯಕ್ಕೆ ಬಂಗಾರದ ಕಟ್ಟು ಹಾಕಿಸಿ ಮಗಳು ಫೆಲಿಕ್ಲಾಳ ಮದುವೆಗೆ ಪದಕ ಮಾಡಿಸಿದ್ದೆವು.

ಮದುವೆಯ ಹಿಂದಿನ ದಿನ ಚಕ್ರವರ್ತಿ ತಮ್ಮನನ್ನು ಕೊಲ್ಲಿಸಿದ. ಮದುವೆಯ ಬೆಳಿಗ್ಗೆ ಡಂಗುರ ಬಂತು: ಸತ್ತವನ ಮುಖ ಕಲ್ಲಿನಲ್ಲಾಗಲಿ ಲೋಹದಲ್ಲಾಗಲಿ ಉಳಿಯಕೂಡದು, ಇಟ್ಟುಕೊಂಡವರ ತಲೆ ಹೋಗುತ್ತದೆ.

ಯಜಮಾನರು ಉಳಿ ಹಿಡಿದು ಪದಕದ ಮುಂದೆ ಕುಳಿತರು.

"ಆ ಮೂಗು ಸರಿಬರೋಕೆ ಎಷ್ಟು ಒದ್ದಾಡಿದ್ದೆ ಗೊತ್ತಾ?"

"ಮೂಗಿನ ಚಿಂತೆ ಬಿಡ್ರಿ, ನಮ್ಮ ಕುತ್ತಿಗೆ ಉಳಿದ್ರೆ ಸಾಕು," ಅಂದೆ.

ತಮ್ಮನ ಮುಖ ಕೆರೆದ ಜಾಗ ಗಾಯದಂತೆ ಕಾಣುತ್ತಿತ್ತು. ಕೇಸರಿ ಮುಸುಕು ಹೊದ್ದು ನಿಂತಿದ್ದ ಫೆಲಿಕ್ಲಾ ಅದನ್ನು ನೋಡಿ ಮುಖ ಸಿಂಡರಿಸಿದಳು.

"ಇದನ್ನ ಹಾಕ್ಕೊಂಡು ಹೋದ್ರೆ ಅತ್ತೆ ಅಪಶಕುನ ಅಂತಾಳೆ. ಬರಿಗೊರಳಲ್ಲಿ ಹೋದ್ರೆ ಭಿಕಾರಿ ಅಂತಾಳೆ. ತಿರುಗಿಸಿ ಕಟ್ಟಪ್ಪಾ."

ಹಿಂಬದಿಯಲ್ಲಿ ಒಂದನ್ನೊಂದು ಹಿಡಿದ ಎರಡು ಬಲಗೈಗಳಿದ್ದವು, ಅಣ್ಣತಮ್ಮಂದಿರ ಒಗ್ಗಟ್ಟಿನ ಗುರುತಾಗಿ. ಮದುಮಕ್ಕಳೂ ನೆಂಟರೆದುರು ಹೀಗೇ ಕೈ ಹಿಡಿಯುತ್ತಾರೆ. ನನಗೆ ಹೋದ ಜೀವ ಬಂದಂತಾಯಿತು. ಯಜಮಾನರು ಮಾತ್ರ ಉಳಿ ಕೆಳಗಿಡಲಿಲ್ಲ.

"ಇದ್ರಲ್ಲಿ ಒಂದು ಕೈ ಸತ್ತವನದು ಕಣೇ."

"ಯಾವುದ್ರೀ?"

ಕೊರೆದವರಿಗೇ ಗುರುತು ಸಿಗಲಿಲ್ಲ. ಅಷ್ಟರಲ್ಲಿ ವರನ ಕಡೆಯವರ ಕೊಳಲು ಬಾಗಿಲಲ್ಲೇ ಕೇಳಿಸಿತು. ನಾನು ಪದಕ ಕಸಿದು ಮಗಳ ಕೊರಳಿಗೆ ಕಟ್ಟಿ, ಮುಸುಕನ್ನು ಅದರ ಮೇಲೆಳೆದೆ.

ಅಳಿಯ ಅವಳ ಬಲಗೈ ಹಿಡಿದಾಗ ನೆಂಟರೆಲ್ಲ ಕೇಕೆ ಹಾಕಿದರು. ಯಜಮಾನರ ಕಣ್ಣು ಮುಸುಕಿನಿಂದ ಕದಲಲೇ ಇಲ್ಲ.