ಬೆಂಕಿ ಆರಿಸು, ಇಲ್ಲ ಮನೆ ಬಿಡು

ತೈಲ ಕಾರ್ಖಾನೆಯ ಎತ್ತರದ ಚಿಮಣಿಯ ತುದಿಯಲ್ಲಿ ಹಗಲೂ ರಾತ್ರಿ ಉರಿಯುವ ಬೆಂಕಿಯನ್ನು ಕಾಯುವುದು ಅವನ ಕೆಲಸ. ತಲೆಯೂ ಹಾಗೇ ಸದಾ ಉರಿಯುತ್ತಿದ್ದುದರಿಂದ ಜೊತೆಯವರು ಅವನಿಗೆ ಬೆಂಕಿಪೊಟ್ಟಣ ಎಂದು ಹೆಸರಿಟ್ಟಿದ್ದರು. ಚಪ್ಪಲಿ ಸವೆಸಿ ಹುಡುಕಿದ ಬಾಡಿಗೆ ಮನೆಗೆ ಈಗ ಸಂಚಕಾರ ಬಂದಿತ್ತು. ಆ ಬೆಂಕಿಯ ಬೆಳಕು ನೇರ ತಮ್ಮ ಹಾಸಿಗೆಗೇ ಬೀಳುತ್ತದೆ, ಕಣ್ಣಿಗೆ ನಿದ್ದೆ ಹತ್ತುವುದಿಲ್ಲ ಎಂದು ಕೆಳಮನೆಯ ಓನರ್ ಅಂಕಲ್ ತಗಾದೆ ತೆಗೆದಿದ್ದರು. ಆರಿಸಿದರೆ ಸರಿ, ಇಲ್ಲವಾದರೆ ತಿಂಗಳ ಕೊನೆಗೆ ಮನೆ ಖಾಲಿ ಮಾಡಬೇಕು.

"ಬಾಯಿಗೆ ಬೀಗ ಹಾಕ್ಕೊಂಡು, ಸಮಾಧಾನವಾಗಿ ತಿಳಿಸಿ ಬನ್ನಿ," ಎಂದು ಹೆಂಡತಿ ಕಳಿಸಿದಳು. ಬೀಗ ಹಾಕಿದ ಬಾಯಲ್ಲಿ ತಿಳಿಸುವುದು ಹೇಗೋ ಅವನಿಗೆ ಹೊಳೆಯಲಿಲ್ಲ.

ಅಂಕಲ್ ಕುಕ್ಕರಿನಲ್ಲಿ ಆಲೂಗಡ್ಡೆ ಬೇಯಿಸುತ್ತಿದ್ದರು. ಅವನು ಹಲ್ಲು ಕಚ್ಚಿಕೊಂಡೇ ವಿವರಿಸಿದ. ಕೊಳವೆಗಳಲ್ಲಿ ಒತ್ತಡ ಏರಿದರೆ ಹೆಚ್ಚಾದ ಗ್ಯಾಸನ್ನು ಚಿಮಣಿಗೆ ಬಿಟ್ಟು ಸುಡಬೇಕು. ಅದಕ್ಕೆಂದೇ ತುದಿಯಲ್ಲಿ ಪುಟ್ಟ ಉರಿಯೊಂದು ಸದಾ ಕಾದಿರಬೇಕು. ಅದು ಆರಿತೋ, ಗ್ಯಾಸ್ ಸುಡದೆ ಊರ ಮೇಲೆ ತೇಲಿ ಬಂದು, ಕಿಡಿ ಸಿಕ್ಕಲ್ಲಿ ಹೊತ್ತಿಕೊಳ್ಳುತ್ತದೆ.

ಅಂಕಲ್ ಆಕಳಿಸಿದರು. "ಕತೆ ಚೆನ್ನಾಗಿದೆ ಕಣಪ್ಪಾ. ರಾತ್ರಿ ಮಾತ್ರ ಆರಿಸು, ಬೆಳಗ್ಗೆ ಎದ್ದು ಹಚ್ಕೋ."

ಬೀಗ ಕಿತ್ತುಬಂತು. "ಒತ್ತಡಕ್ಕೆ ಹಗಲು ರಾತ್ರಿ ಅಂತ ಇದೆಯಾ ಅಂಕಲ್? ನಿಮ್ಮ ಕುಕ್ಕರ್ ಬಾಯಿ ಮುಚ್ಚಿದ್ರೆ ಏನಾಗುತ್ತೆ, ನೋಡಿ," ಎಂದವನೇ ಸೌಟಿನಿಂದ ವಿಷಲನ್ನು ಅದುಮಿ ಹಿಡಿದ. ಒಂದು ಗಳಿಗೆ ತೋರಿಸಿ ಬಿಡುವ ಲೆಕ್ಕ. ಆದರೆ ಬೈಯಲು ಶುರುಮಾಡಿದ ಮೇಲೆ ಬಾಯಿ ನಿಲ್ಲಬೇಕಲ್ಲ. ಸೋರುವ ನಲ್ಲಿ, ಮುರಿದ ಚಿಲಕ, ಏರುವ ಬಾಡಿಗೆ ಎಲ್ಲಕ್ಕೂ ಒಂದೊಂದು ಸುತ್ತು ಮಂಗಳಾರತಿ ಆಯಿತು. ಸೌಟು ಎತ್ತುವುದು ಮರೆತೇಹೋಯಿತು.

ಸೇಫ್ಟಿ ವಾಲ್ವ್ ಢಮಾರೆಂದು ಹಾರಿತು. ಇಬ್ಬರೂ ಮೇಜಿನಡಿ ಸೇರಿಕೊಂಡರು. ಹೊರಬಂದು ನೋಡಿದರೆ ಆಲೂಗಡ್ಡೆ ಪೂರಾ ಚಾವಣಿಗೆ ಮೆತ್ತಿಕೊಂಡಿತ್ತು. ಒಂದು ಮುದ್ದೆ ಸಾವಕಾಶವಾಗಿ ಜಾರಿ ಅಂಕಲ್ ಬೋಳುತಲೆಯ ಮೇಲೆ ಕೂತಿತು.

ಮನೆ ಕೈಬಿಟ್ಟಿತೆಂದೇ ಅವನು ಎಣಿಸಿದ. ಅಂಕಲ್ ಮಾತ್ರ ತಲೆಯನ್ನೂ ಒರೆಸಿಕೊಳ್ಳದೆ ಕಿಟಕಿಯಾಚೆಯ ಬೆಂಕಿಯನ್ನೇ ದಿಟ್ಟಿಸಿದರು.

"ಅದು ಆರಲ್ಲ ತಾನೆ?"

ಅವನು ಚಾವಣಿಗೆ ಸುಣ್ಣ ಬಳಿದುಕೊಟ್ಟ. ಮನೆ ಉಳಿಯಿತು, ನಿದ್ದೆ ಹೋಯಿತು. ಜ್ವಾಲೆ ಚೂರು ಕುಗ್ಗಿದರೂ ಸಾಕು, ಅಂಕಲ್ ಮೆಟ್ಟಿಲೇರಿ ಬಂದು ಬಾಗಿಲು ಬಡಿಯುತ್ತಾರೆ: "ಏಳಪ್ಪಾ, ನಮ್ಮ ಬೆಂಕಿ ಯಾಕೋ ಸೊರಗಿದೆ. ಹೋಗಿ ನೋಡ್ಕೊಂಡು ಬಾ."