ಥರ್ಮಾಕೋಲ್ ಮೇಲೆ ಕೊಬ್ಬರಿ ಮೂಟೆ

ರಾಧಾಮಣಿಗೆ ಮೈಯೆಲ್ಲ ಉರಿದುಹೋಯಿತು. ಉರಿಯದೆ ಇನ್ನೇನು? ತಿಪಟೂರಿನ ಅವಳ ಡೆಕೊರೇಷನ್ ಅಂಗಡಿಯೊಳಗೆ, ಥರ್ಮಾಕೋಲ್ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿದ ದಿಮ್ಮಿಯ ಮೇಲೆ, ಕೊಬ್ಬರಿ ಮೂಟೆಗಳು ಕೂತಿದ್ದವು!

ಅವಳಿಲ್ಲದಾಗ ಕೂರಿಸಿದವನು ಸಹಾಯಕ್ಕೆಂದು ಬಂದಿದ್ದ ಗಂಡನ ಅಣ್ಣ ರಾಜಣ್ಣ, ಬಾಗಿಲು ಕಿಟಕಿ ಮಾಡುವ ಬಡಗಿ. ಈ ಸೀಮೆಯಲ್ಲಿ ಏನನ್ನು ಒತ್ತಬೇಕಾದರೂ ಮೂಟೆ ಹೇರುವುದೇ ರೂಢಿ. ಪ್ಲೈವುಡ್ಡಿಗಾದರೆ ಸರಿ. ಥರ್ಮಾಕೋಲಿಗೂ ಹೇರುತ್ತಾರೆಯೇ ಮಹಾರಾಯ?

“ಬಾವ, ನಾನ್ ತಂದಿಟ್ಟಿದ್ ಸ್ಪ್ರೇ ಗಮ್ ಎಲ್ಲಿ?”

“ವಾಪಸ್ ಕೊಟ್ ಬಂದೆ ಕಣಮ್ಮ. ಅದೇನ್ ಗಮ್ಮೋ, ಪುಸ್ ಅಂತೈತೆ. ಮರಕ್ಕೆ ಹಾಕೋ ಬಿಳಿ ಗಮ್ಮೇ ದಪ್ಪಗೆ ಬಳ್ದಿದೀನಿ. ಬಾಗ್ಲೇ ಬಿಟ್ಕೊಳಲ್ಲ, ಇದ್ ಬಿಟ್ಕೊಂತದಾ?”

ವಾಪಸ್ ಕೊಟ್ಟನಂತೆ! ಅವಳು ಚೂರುಗಳನ್ನು ಬೇರೆಬೇರೆ ಗಮ್ಮಿನಲ್ಲಿ ಅಂಟಿಸಿ, ಬಿಸಿ ತಂತಿಯಲ್ಲಿ ಕತ್ತರಿಸಿ ನೋಡಿ ಆರಿಸಿದ ಗಮ್ ಅದು. ಚಪ್ಪಲಿಗೆ ಹಾಕುವ ಹಳದಿ ಸಲ್ಯೂಷನ್ ಥರ್ಮಾಕೋಲನ್ನೇ ತಿಂದುಹಾಕಿತ್ತು. ಬಿಳಿ ಗಮ್ ಅಂಚಿನಲ್ಲಿ ಗಟ್ಟಿಯಾಗಿ ತಂತಿಯನ್ನು ಹಿಡಿದುಕೊಳ್ಳುತ್ತಿತ್ತು, ಒಳಗೆ ಒಣಗುತ್ತಲೇ ಇರಲಿಲ್ಲ. ಸ್ಪ್ರೇ ಹೊಡೆದ ಬೆಸುಗೆಯಲ್ಲಿ ಮಾತ್ರ ತಂತಿ ತಡೆಯಿಲ್ಲದೆ ದಾಟಿತ್ತು. ಅದನ್ನೆಲ್ಲ ಬಾವ ಅಲ್ಲೇ ಟೀ ಕುಡಿಯುತ್ತ ನೋಡಿದ್ದ.

ಶಂಭುಲಿಂಗಯ್ಯನವರ ಹೊಸ ಕೊಬ್ಬರಿ ಮಂಡಿಯ ಬಾಗಿಲಿಗೆ ಈ ದಿಮ್ಮಿಯಲ್ಲೇ ಆಳೆತ್ತರದ ತೆಂಗಿನಕಾಯಿ ಆಗಬೇಕಿತ್ತು. ಮದುವೆ ಮನೆಗಳಿಗೆ ಹೆಣ್ಣುಗಂಡಿನ ಹೆಸರು ಕತ್ತರಿಸಿ ಕತ್ತರಿಸಿ ಬೇಸತ್ತವಳಿಗೆ ಇದು ಮೊದಲ ದೊಡ್ಡ ಕೆಲಸ. ಚೆನ್ನಾಗಿ ಬಂದರೆ ಊರೆಲ್ಲ ನೋಡುತ್ತದೆ, ಕೆಟ್ಟರೆ ಮತ್ತೆ ಅಕ್ಷರವೇ ಗತಿ.

ಹಲ್ಲು ಕಚ್ಚಿಕೊಂಡು ಮೂಟೆಗಳನ್ನು ಇಳಿಸಿದಳು. ಕೆಳಗೆಲ್ಲ ಹಳ್ಳ ಬಿದ್ದಿತ್ತು. ಆದರೂ ನೋಡೋಣವೆಂದು ತಂತಿಗೆ ಕರೆಂಟ್ ಕೊಟ್ಟಳು. ತಂತಿ ಮೇಲಿನ ಹಾಳೆಯಲ್ಲಿ ಸಲೀಸಾಗಿ ಇಳಿದು, ಗಮ್ ಸಿಕ್ಕಿದ ಕಡೆ ಕಚ್ಚಿಕೊಂಡು ನಿಂತಿತು.

“ಕಾವು ಸಾಲ್ದು ಬುಡು,” ಎನ್ನುತ್ತ ರಾಜಣ್ಣ ಕೈಹಾಕಿ ರೆಗ್ಯುಲೇಟರ್ ಪೂರ್ತಿ ತಿರುಗಿಸಿದ. ಥರ್ಮಾಕೋಲ್ ಕರಗಿ ಗುಂಡಿ ಬಿತ್ತು. ತಂತಿ ಕೆಂಪಗಾಗಿ ಟಪ್ಪೆಂದು ತುಂಡಾಯಿತು.

ಅಷ್ಟರಲ್ಲಿ ಶಂಭುಲಿಂಗಯ್ಯನವರೇ ಒಳಗೆ ಬಂದರು. ಬಾವನಿಗೆ ನಾಚಿಕೆ ಎನ್ನುವುದಿದ್ದರೆ ತಾನೆ!

“ಹೆಂಗಸರ ಕೈ ನೋಡಿ ಸ್ವಾಮಿ, ಸೊಟ್ಟ ಹೋಯ್ತು,” ಎಂದುಬಿಟ್ಟ.

ರಾಧಾಮಣಿ ಮೇಲಿನ ಹಾಳೆಗೆ ಎರಡೂ ಕೈ ಹಾಕಿ ಎಳೆದಳು. ಅಂಚು ಚರಚರ ಹರಿದು ಹಾಳೆ ಎದ್ದುಬಂತು. ಒಳಗೆ ಗಮ್ ಬಳಿದಾಗ ಹೇಗಿತ್ತೋ ಹಾಗೇ ಬೆಳ್ಳಗೆ, ಹಸಿಹಸಿಯಾಗಿತ್ತು.

“ಒಳಕ್ಕೆ ಗಾಳಿ ಹೋಗಲ್ಲ, ಒಣಗಲ್ಲ ಅಂತ ಬಡ್ಕೊಂಡೆ. ಈಗ್ ಹೇಳಿ ಬಾವ, ನನ್ ಕೈ ಸೊಟ್ಟಾನಾ?”

ರಾಜಣ್ಣ ಟವೆಲಿನಿಂದ ಕತ್ತು ಒರೆಸಿಕೊಂಡ. ಶಂಭುಲಿಂಗಯ್ಯ ಗಮ್ ಮುಟ್ಟಿ, ಬೆರಳು ಉಜ್ಜಿ ನೋಡಿ, “ಆಯಮ್ಮ ಹೇಳೋದು ದಿಟ ಕಣಪ್ಪ,” ಎಂದರು. ಆಮೇಲೆ ಅವನ ಕಡೆಗೇ ತಿರುಗಿ ಕೇಳಿದರು: “ಮತ್ತೆ ಯಾವಾಗ ಮಾಡ್ಕೊಡ್ತೀಯ ರಾಜಣ್ಣ?”

ಅಯ್ಯೋ ಶಿವನೇ! ಇಷ್ಟೆಲ್ಲ ಕಣ್ಣಾರೆ ಕಂಡ ಮೇಲೂ ಕೇಳುವುದು ಅವನನ್ನೇ! ರಾಧಾಮಣಿ ಹೋಗಿ ಇಬ್ಬರ ನಡುವೆ ನಿಂತಳು.

“ಕೆಲ್ಸ ಮಾಡೋಳು ನಾನಿಲ್ಲಿದೀನಿ ಕಣ್ರೀ. ನನ್ನ ಕೇಳಿ. ಇಲ್ಲ ಅಂದ್ರೆ ಬಾವನ ಕೈಲೇ ಮರದ್ದೊಂದು ಕಾಯಿ ಮಾಡುಸ್ಕೊಂಡು ಹೊತ್ಕೊಂಡೋಗಿ.”

ಶಂಭುಲಿಂಗಯ್ಯ ಆಗ ಮೊದಲ ಸಲ ಅವಳ ಮುಖ ನೋಡಿದರು.

“ಯಾವಾಗ ಕೊಡ್ತೀಯವ್ವ?”

“ನನ್ ಗಮ್ ಬರ್ಲಿ, ಹೇಳ್ತೀನಿ,” ಎಂದಳು ರಾಧಾಮಣಿ. “ಬಾವ ಈಗ ತರಾಕೆ ಹೊರಟವ್ರೆ.”