ಹಸಿದ ಮೂಲೆ

ಮಾಗಿಯ ಬಿಸಿಲು ಎಷ್ಟು ಎಳೆಯದು, ಬೆನ್ನಿಗೆ ಹತ್ತುವುದೇ ಇಲ್ಲ, ಅಂಗಳದ ತುಂಬ ಬಿಳಿಜೋಳದ ತೆನೆ ಹರವಿ ಕುಂತಿದ್ದೇನೆ, ಗುಬ್ಬಿ ಕಾಯುವುದು ನೆವ, ಕೈಯಲ್ಲಿ ಸೂಜಿ, ತೊಡೆಯ ಮೇಲೆ ಪಕ್ಕದ ಮನೆಯ ತಾಜಬೀಯ ಚಿಂದಿ ಕೌದಿ— ಅತ್ತೀ ಕಣ್ಣು ಮುಚ್ಚಬ್ಯಾಡ್ರಿ, ಒಳಗಿನಿಂದ ಸೊಸೆ ಗುರುಲಿಂಗಮ್ಮ, ಹಗಲು ತೂಕಡಿಸಿದರ ರಾತ್ರಿ ಮತ್ತ ಜಂತಿ ಎಣಿಸಬೇಕಾಗತೈತಿ, ಎಲ್ಲಿ ಮುಚ್ಚೇನವಾ, ಮುಚ್ಚಿದರೆ ತಾನೆ. ಕುಷ್ಟಗಿಯ ವೈದ್ಯರು ಹೇಳಿದ್ದನ್ನೆಲ್ಲ ಇವಳು ಬಾಯಿಪಾಠ ಮಾಡಿಕೊಂಡು ಬಂದಿದ್ದಾಳೆ, ಸಂಜೆ ಚಹಾ ಕುಡಿಯಬಾರದು, ಹೊತ್ತು ಮುಳುಗುವ ಮುಂಚೆ ಉಣ್ಣಬೇಕು, ಉಂಡು ಊರ ಅಗಸಿಬಾಗಿಲ ತನಕ ನಡೆದು ಬರಬೇಕು, ಕಾಲು ತೊಳೆದು ದಿನಾ ಒಂದೇ ಹೊತ್ತಿಗೆ ಮಲಗಬೇಕು, ಇಷ್ಟು ಕೇಳಲಿಕ್ಕೆ ಅಷ್ಟು ದೂರ ಬಂಡಿ ಕಟ್ಟಬೇಕಿತ್ತೇ, ನಾವು ಬದುಕಿದ್ದೇ ಹಾಗಲ್ಲವೇ. ಚಹಾ ಎಲ್ಲಿತ್ತು ಆಗ, ದೀಪದ ಎಣ್ಣೆ ಉಳಿಯಲಿ ಅಂತ ಬೆಳಕಿರುವಾಗಲೇ ಉಣ್ಣುತ್ತಿದ್ದೆವು, ಗೋಡೆಯಾಚೆ ಜಿಲಾನಸಾಬನ ಬಿಲ್ಲು, ಟಂಯ್ ಟಂಯ್, ಹತ್ತಿ ಹಿಂಜುವ ಬಿಲ್ಲು, ಅದು ನಿಂತಿತೆಂದರೆ ಓಣಿಗೆಲ್ಲ ಹಾಸಿಗೆ ಹಾಸುವ ಹೊತ್ತು, ತಲೆ ಇಟ್ಟದ್ದಷ್ಟೇ ನೆನಪು, ಮುಂದಿನದು ಕೋಳಿಯ ಕೂಗು. ಊರಿಗೆಲ್ಲ ಗಾದಿ ಮಾಡತಾನ ನನ ಗಂಡ, ನನಗ ಮಾತ್ರ ಹಳೇ ಕೌದಿ, ನೋಡ ಮುದುಕವ್ವಾ ಅನ್ನುತ್ತಿದ್ದಳು ಅವನ ಹೆಂಡತಿ ತಾಜಬೀ, ಗೋಡೆಯ ಮೇಲೆ ಗದ್ದ ಊರಿ, ನಿನಗರ ಏನ್ ಅವಸರ ಇತ್ತ, ಹುಟ್ಟಿದ ದಿನಾನ ಮುದುಕವ್ವ ಆಗಿ ಕುಂತಿ— ಎಲೆಅಡಿಕೆಯ ಕೆಂಪು ನಗು.

ನನ್ನ ಕೌದಿಗೆ ಅವಳು ಒಂದಿಡೀ ಹಗಲು ಬಂದು ಹೊಲಿದಳು, ಆ ತುದಿಗೆ ಅವಳು ಈ ತುದಿಗೆ ನಾನು, ಬಾಯಿ ನಿಂತರೆ ಸೂಜಿಯೂ ನಿಲ್ಲುತ್ತಿತ್ತು, ನಿನ್ನದಕ್ಕೆ ನಾನು ಬರುತ್ತೇನೆ ಅಂದೆ, ಬರದ ಎಲ್ಲಿ ಹೋಗ್ತೀ, ಮುಯ್ಯಿ ಅಂದರ ಮುಯ್ಯಿ, ಒಂದು ಹಗಲು ನನಗ ಬಾಕಿ ಅದೀ ನೀ. ಕಡೆಯ ಮೂಲೆ ಮಾತ್ರ ಗುಬ್ಬಿಮರಿಯ ಬಾಯಿಯಂತೆ ತೆರೆದಿತ್ತು, ಅದರೊಳಗೆ ಬೆಲ್ಲ ಸವರಿದ ರೊಟ್ಟಿಯ ಚೂರು ಇಟ್ಟು ಹೊಲಿಯಬೇಕು, ಕೌದಿ ಹಸಿದಿರಬಾರದು, ಹಸಿದ ಕೌದಿ ಹೊದ್ದವರ ನಿದ್ದೆ ತಿನ್ನುತ್ತದೆ, ಆ ರೊಟ್ಟಿ ಒಡತಿಯ ಕೈಯಿಂದಲೇ ಬೀಳಬೇಕು, ಇಡ ಇಡ ಅಂತ ಅವಳು ಮೂಲೆ ಹಿಡಿದಳು, ನಾನು ಇಟ್ಟೆ. ಆಮೇಲೆ ಹೋದ ವರ್ಷದ ಗದ್ದಲ, ನಿಜಾಮನ ಕಾಲ ಮುಗಿಯಿತಂತೆ, ಯಾರೋ ಯಾರ ಮನೆಗೋ ಬೆಂಕಿ ಇಟ್ಟರಂತೆ, ನಸುಕಿನಲ್ಲಿ ಅವರ ಬಂಡಿ ಹೂಡಿ ನಿಂತಿತ್ತು, ಬಿಲ್ಲನ್ನು ಮಗುವಿನ ಹಾಗೆ ಸುತ್ತಿಕೊಂಡಿದ್ದ ಜಿಲಾನಸಾಬ, ಗೋಡೆಯ ಮೇಲಿಂದ ಈ ಕೌದಿಯ ಗಂಟು ನನ್ನ ಕೈಗೆ ಬಂತು, ಚಿಂದಿ ಹಾಸೀನಿ, ಒಂದೆಳಿ ಹಾಕೀನಿ, ಬಂದ ಮ್ಯಾಲ ಕೂಡಿ ಹೊಲಿಯೂಣು— ಹೋಗಬ್ಯಾಡ ತಾಜಬೀ ಅಂದೆ, ನೀ ಅಂತೀ, ಊರು ಅನ್ನಬೇಕಲ್ಲ ಅಂದಳು. ಸೊಲ್ಲಾಪುರದಾಗ ಅದಾರ ಅನ್ನುತ್ತಾರೆ, ಇಲ್ಲ ಹೈದರಾಬಾದಿಗೆ ಹೋಗ್ಯಾರ ಅನ್ನುತ್ತಾರೆ, ಗಂಟು ಅಂದಿನಿಂದ ನನ್ನ ತಲೆದಿಂಬು. ವೈದ್ಯರು ಏನುಣ್ಣುತ್ತೀ ಎಷ್ಟೊತ್ತಿಗೆ ಮಲಗುತ್ತೀ ಎಲ್ಲ ಕೇಳಿದರು, ತಲೆಯ ಕೆಳಗೆ ಏನಿಟ್ಟುಕೊಳ್ಳುತ್ತೀ ಅಂತ ಕೇಳಲಿಲ್ಲ.

ಒಡತಿ ಇಲ್ಲದ ಕೌದಿ ಯಾರರ ಹೊಲಿತಾರೇನ್ರಿ, ಇವತ್ತು ಮುಂಜಾನೆ ಗಂಟು ಬಿಚ್ಚಿದಾಗ ಹೌಹಾರಿದಳು ಗುರುಲಿಂಗಮ್ಮ, ಮೊದಲ ಎಳಿ ಅಕೀನ ಹಾಕ್ಯಾಳ, ನನ್ನದೊಂದು ಹಗಲು ಅಷ್ಟ ಬಾಕಿ ಐತಿ, ಅದನ್ನ ಕೊಟ್ಟರ ನಿದ್ದಿ ಬರತೈತೇನೋ ನೋಡೂಣು ಅಂದೆ. ಇದು ಜಿಲಾನಸಾಬನ ರುಮಾಲು, ಹತ್ತಿಯ ದೂಳು ಇನ್ನೂ ಮೂಗಿಗೆ ಬರುತ್ತದೆ, ಇದು ಅವಳ ಮದುವೆಯ ಹಸಿರು, ಇದು— ಅಯ್ಯ, ಇದು ನನ್ನದೇ ನೀಲಿ ಸೀರೆಯ ಅಂಚು, ಹಗ್ಗದ ಮೇಲಿಂದ ಹಾರಿಹೋಯಿತು ಅಂದುಕೊಂಡಿದ್ದೆನಲ್ಲ, ಕಳ್ಳಿ, ಕೇಳಿದ್ದರೆ ಕೊಡುತ್ತಿರಲಿಲ್ಲವೇ, ನಗು ಬಂತು, ಒಬ್ಬಳೇ ನಕ್ಕೆ, ಗುಬ್ಬಿಗಳು ಬುರ್ರಂತ ಎದ್ದವು. ಬಿಸಿಲು ಬೆನ್ನಿನಿಂದ ಮೊಣಕಾಲಿಗೆ, ಮೊಣಕಾಲಿನಿಂದ ಗೋಡೆಗೆ ಏರಿತು, ಸೊಸೆ ತೆನೆ ಒಳಗಿಟ್ಟಳು, ಕಡೆಯ ಮೂಲೆಗೆ ಬಂದೆ, ಒಂದು ಹಗಲು ಮುಗಿಯಿತು. ಇಡ್ರಿ ಅತ್ತೀ, ಬೆಲ್ಲ ಸವರಿದ ಚೂರು ಹಿಡಿದು ಬಂದಿದ್ದಾಳೆ, ಮುಂಜಾನೆ ಹೌಹಾರಿದವಳೇ ತಂದಿದ್ದಾಳೆ, ನೀವ ಇಡ್ರಿ, ಅಕೀ ಎಲ್ಲಿ ಬರತಾಳ ಇನ್ನ. ಕೈಗೆ ತೆಗೆದುಕೊಂಡೆ, ಮೂಲೆಯ ತನಕ ಒಯ್ದೆ, ನಾನು ಇಟ್ಟರೆ ಅವಳು ಬರುವುದಿಲ್ಲ ಅಂತ ನಾನೇ ಹೊಲಿದಂತಾಗುತ್ತದೆ. ಚೂರನ್ನು ಅಂಗಳದಲ್ಲಿ ಉಳಿದಿದ್ದ ಒಂದು ಗುಬ್ಬಿಗೆ ಹಾಕಿದೆ, ಅತ್ತೀ! ಅಂದಳು. ಉಂಡೆ, ಅಗಸಿಯ ತನಕ ನಡೆದೆ, ಕಾಲು ತೊಳೆದೆ, ಎಲ್ಲ ವೈದ್ಯರು ಹೇಳಿದ ಹಾಗೆಯೇ, ಕೌದಿಯನ್ನು ಮಗ್ಗುಲಿಗೆ ಹಾಸಿದ್ದೇನೆ, ಮೂರು ಮೂಲೆ ಮುಚ್ಚಿದ್ದು, ಸೂಜಿ ಅಲ್ಲೇ ಜೋತುಬಿದ್ದಿದೆ, ಗೋಡೆಯಾಚೆ ಏನೂ ಟಂಯ್ ಅನ್ನುವುದಿಲ್ಲ, ಕೈಯಾಡಿಸಿದರೆ ಬೆರಳಿಗೆ ಅದೇ ಸಿಗುತ್ತದೆ, ಮೂಲೆ, ತೆರೆದದ್ದು, ಗುಬ್ಬಿಮರಿಯ ಬಾಯಿ—